ಪರಾರಿಯಾದವನ ತಾಯಿಗೆ ಯಾವ ಬಾಗಿಲು?

ನಮ್ಮ ಸಮಾಜ ಸೈನಿಕನ ತಾಯಿಗೆ ಎರಡೇ ಪಾತ್ರಗಳನ್ನು ಕೊಟ್ಟಿದೆ. ಮಗ ಸಮವಸ್ತ್ರ ತೊಟ್ಟು ಊರಿಗೆ ಬಂದಾಗ ಶಾಲೆಯ ಸ್ವಾತಂತ್ರ್ಯೋತ್ಸವದ ವೇದಿಕೆಯಲ್ಲಿ ಶಾಲು ಹೊದಿಸಿಕೊಳ್ಳುವುದು ಒಂದು. ಮಗನ ಪಾರ್ಥಿವ ಶರೀರ ತ್ರಿವರ್ಣ ಧ್ವಜ ಹೊದ್ದು ಬಂದಾಗ, ಮೈಕು ಹಿಡಿದವರ ಮುಂದೆ ನಿಂತು, ಇನ್ನೊಬ್ಬ ಮಗನಿದ್ದರೆ ಅವನನ್ನೂ ಕಳುಹಿಸುತ್ತಿದ್ದೆ ಎನ್ನುವುದು ಇನ್ನೊಂದು. ಈ ಎರಡಕ್ಕೂ ಸೇರದ ಮೂರನೆಯ ತಾಯಿಯೊಬ್ಬಳಿದ್ದಾಳೆ. ಅವಳ ಮಗ ಬದುಕಿದ್ದಾನೆ, ಆದರೆ ಜೈಲಿನಲ್ಲಿದ್ದಾನೆ. ಶತ್ರುದೇಶದ ಜೈಲಿನಲ್ಲಲ್ಲ, ನಮ್ಮದೇ ಜೈಲಿನಲ್ಲಿ. ರಜೆ ಮುಗಿದ ಮೇಲೆ ಮರಳಲಿಲ್ಲ, ಅಥವಾ ಹೇಳದೆ ಕೇಳದೆ ತುಕಡಿ ಬಿಟ್ಟು ಬಂದ ಎಂಬುದು ಅವನ ಮೇಲಿನ ಆರೋಪ. ಕಾನೂನು ಅದನ್ನು ಡೆಸರ್ಷನ್ ಎನ್ನುತ್ತದೆ. ಪತ್ರಿಕೆಗಳು ಪಲಾಯನ ಎಂದು ಬರೆಯುತ್ತವೆ. ಊರಿನವರಿಗೆ ಅವನು ಮಿಲಿಟ್ರಿಯಿಂದ ಓಡಿ ಬಂದವನು. ಈ ಮೂರನೆಯ ತಾಯಿಯ ಕೈಯಲ್ಲಿರುವ ಅರ್ಜಿಯನ್ನು ಓದುವವರು ಯಾರು ಎಂಬುದೇ ನಮ್ಮ ಪ್ರಶ್ನೆ.

2016ರ ಫೆಬ್ರವರಿಯಲ್ಲಿ ಸಿಯಾಚಿನ್‌ನ ಹಿಮಪಾತದಲ್ಲಿ ಆರು ದಿನ ಹೂತುಹೋಗಿದ್ದು ಜೀವಂತವಾಗಿ ಸಿಕ್ಕಿದ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ್ ಅವರಿಗಾಗಿ ಇಡೀ ಕರ್ನಾಟಕ ಪ್ರಾರ್ಥಿಸಿತು. ಮಂದಿರ, ಮಸೀದಿ, ಚರ್ಚುಗಳೆಂಬ ಭೇದವಿಲ್ಲದೆ ಜನರು ಕೈಯೆತ್ತಿದರು. ಫೆಬ್ರವರಿ 11ರಂದು ಅವರು ದಿಲ್ಲಿಯಲ್ಲಿ ಕೊನೆಯುಸಿರೆಳೆದಾಗ ಕುಂದಗೋಳ ತಾಲೂಕಿನ ಬೆಟದೂರು ಎಂಬ ಹಳ್ಳಿಯ ಹೆಸರು ದೇಶಕ್ಕೆಲ್ಲ ಗೊತ್ತಾಯಿತು. ಅದು ಆಗಬೇಕಾದದ್ದೇ. ಆದರೆ ಅದೇ ಹಿಮದಲ್ಲಿ, ಅದೇ ಗಡಿಯಲ್ಲಿ ಕೆಲವು ವರ್ಷ ನಿಂತು, ಒಂದು ದಿನ ಮನಸ್ಸು ಕೈಕೊಟ್ಟು, ಮನೆಯ ಕರೆ ತಡೆಯಲಾರದೆ ರೈಲು ಹತ್ತಿದವನ ಊರಿನ ಹೆಸರು ಯಾರಿಗೂ ಬೇಡ. ಅವನ ಮನೆಯವರೇ ಅದನ್ನು ಮುಚ್ಚಿಡುತ್ತಾರೆ.

ಕರಾವಳಿಯ ಯಾವುದಾದರೊಂದು ಮನೆಯನ್ನು ಊಹಿಸಿಕೊಳ್ಳಿ. ಕಾರ್ಕಳದ ಒಳಗಿನ ಹಳ್ಳಿಯಾಗಿರಬಹುದು, ಕಾಪುವಿನ ಕಡಲ ಬದಿಯ ಓಣಿಯಾಗಿರಬಹುದು. ಮಗನಿಗೆ ಗಲ್ಫ್‌ನ ವೀಸಾ ಸಿಗಲಿಲ್ಲ, ಮುಂಬೈಯ ಹೊಟೇಲು ಬೇಡವೆಂದ, ಭರ್ತಿ ರ‍್ಯಾಲಿಗೆ ಹೋಗಿ ಓಡಿ, ಎದೆ ಅಳೆಸಿಕೊಂಡು ಆಯ್ಕೆಯಾದ. ಕೆಲವು ವರ್ಷಗಳ ಬಳಿಕ ತಂದೆಗೆ ಪಕ್ಷವಾತವಾಗುತ್ತದೆ. ತಂಗಿಯ ಮದುವೆ ನಿಂತುಹೋಗುತ್ತದೆ. ಅಥವಾ ಹೊರಗೆ ಕಾಣುವಂಥದ್ದು ಏನೂ ಆಗದೆ, ಹುಡುಗನಿಗೆ ರಾತ್ರಿ ನಿದ್ದೆ ಬರುವುದು ನಿಲ್ಲುತ್ತದೆ. ಅವನು ಮನೆಗೆ ಬರುತ್ತಾನೆ. ಹೋಗಬೇಕಾದ ದಿನ ಹೋಗುವುದಿಲ್ಲ. ಒಂದು ವಾರ, ಎರಡು ವಾರ. ತಾಯಿ ಕೇಳಿದರೆ ಉತ್ತರವಿಲ್ಲ. ತಿಂಗಳು ಕಳೆದ ಮೇಲೆ ಪೊಲೀಸರು ಬಾಗಿಲು ತಟ್ಟುತ್ತಾರೆ.

ಇದರ ಮುಂದಿನ ಓಡಾಟದ ದಾರಿಯೂ ನಮಗೆಲ್ಲ ಪರಿಚಿತವೇ. ಠಾಣೆಯವರು, ಇದು ನಮ್ಮ ಕೈಯಲ್ಲಿಲ್ಲ, ಮಿಲಿಟ್ರಿಯವರದ್ದು ಎನ್ನುತ್ತಾರೆ. ಮಣಿಪಾಲದ ರಜತಾದ್ರಿಯ ಮೆಟ್ಟಿಲು ಹತ್ತಿ ಜಿಲ್ಲಾಡಳಿತಕ್ಕೆ ಅರ್ಜಿ ಕೊಟ್ಟರೆ, ಅದು ರಕ್ಷಣಾ ಇಲಾಖೆಗೆ ಸಂಬಂಧಿಸಿದ್ದು ಎಂಬ ಹಿಂಬರಹ ಬರುವುದು ಸಹಜ. ಜನಪ್ರತಿನಿಧಿಯ ಮನೆಯಲ್ಲಿ ಚಹಾ ಸಿಗುತ್ತದೆ, ಪತ್ರ ಸಿಗುವುದಿಲ್ಲ. ಸೈನಿಕರ ಪರವಾಗಿ ದಿನಬೆಳಗಾದರೆ ಘೋಷಣೆ ಕೂಗುವವರಂತೂ ಈ ಮನೆಯ ಗೇಟಿನ ಹತ್ತಿರವೂ ಸುಳಿಯುವುದಿಲ್ಲ. ಅವರಿಗೆ ಬೇಕಾದದ್ದು ಸೈನಿಕನ ಚಿತ್ರ. ಉಸಿರಾಡುವ, ಹೆದರುವ, ಅಳುವ ಸೈನಿಕ ಅವರ ಫ್ಲೆಕ್ಸಿನಲ್ಲಿ ಹಿಡಿಸುವುದಿಲ್ಲ.

ಓಡಿ ಬಂದವನ ಪರವಾಗಿ ವಾದಿಸಲು ಏನಿದೆ ಎಂದು ಕೇಳುವವರು ಮೊದಲು ಕಾನೂನನ್ನು ಓದಬೇಕು. ಅದು ಅವರಷ್ಟು ಕಠೋರವಾಗಿಲ್ಲ. 1950ರ ಸೇನಾ ಕಾಯ್ದೆಯಲ್ಲಿ ಎರಡು ಬೇರೆ ಬೇರೆ ಸೆಕ್ಷನ್‌ಗಳಿವೆ. ಸೆಕ್ಷನ್ 38 ಪಲಾಯನಕ್ಕೆ ಸಂಬಂಧಿಸಿದ್ದು. ಸಕ್ರಿಯ ಸೇವೆಯಲ್ಲಿದ್ದಾಗ ಅಥವಾ ಅದಕ್ಕೆ ಆದೇಶವಾಗಿದ್ದಾಗ ಪಲಾಯನ ಮಾಡಿದರೆ ಮರಣದಂಡನೆಯವರೆಗೂ ಶಿಕ್ಷೆ ಇದೆ, ಉಳಿದ ಸಂದರ್ಭಗಳಲ್ಲಿ 7 ವರ್ಷಗಳವರೆಗೆ ಜೈಲು. ಸೆಕ್ಷನ್ 39 ರಜೆಯಿಲ್ಲದೆ ಗೈರಾದವನಿಗೆ, ರಜೆ ಮುಗಿದರೂ ಸಕಾರಣವಿಲ್ಲದೆ ಮರಳದವನಿಗೆ ಸಂಬಂಧಿಸಿದ್ದು. ಅಲ್ಲಿ ಗರಿಷ್ಠ ಶಿಕ್ಷೆ 3 ವರ್ಷ. ಎರಡರಲ್ಲೂ ಕಣ್ಣಿಗೆ ಕಾಣುವ ಸಂಗತಿ ಒಂದೇ, ಸೈನಿಕ ತನ್ನ ಜಾಗದಲ್ಲಿಲ್ಲ. ವ್ಯತ್ಯಾಸವಿರುವುದು ಅವನ ಮನಸ್ಸಿನಲ್ಲಿ. ಇನ್ನೆಂದಿಗೂ ಮರಳುವುದಿಲ್ಲ ಎಂಬ ಉದ್ದೇಶವಿದ್ದರೆ ಮಾತ್ರ ಅದು ಪಲಾಯನ. ಕ್ಯಾಪ್ಟನ್ ವೀರೇಂದ್ರ ಕುಮಾರ್ ಪ್ರಕರಣದಲ್ಲಿ ಸುಪ್ರೀಮ್ ಕೋರ್ಟ್ 1986ರಲ್ಲೇ ಈ ಎರಡರ ನಡುವಿನ ಗೆರೆಯನ್ನು ಸ್ಪಷ್ಟವಾಗಿ ಎಳೆದಿದೆ.

ಹಾಗಾದರೆ ಆ ಮನಸ್ಸನ್ನು ಓದುವವರು ಯಾರು? ಸೈನಿಕನೊಬ್ಬ ಅನುಮತಿಯಿಲ್ಲದೆ 30 ದಿನ ಗೈರಾದರೆ ಸೆಕ್ಷನ್ 106ರ ಪ್ರಕಾರ ವಿಚಾರಣಾ ಮಂಡಳಿಯೊಂದು ಕುಳಿತುಕೊಳ್ಳುತ್ತದೆ. ಅವನು ಎಂದಿನಿಂದ ಇಲ್ಲ, ಅವನ ವಶದಲ್ಲಿದ್ದ ಸರಕಾರಿ ಸಾಮಾನುಗಳಲ್ಲಿ ಏನೇನು ಕಾಣೆಯಾಗಿದೆ ಎಂದು ದಾಖಲಿಸುತ್ತದೆ. ಆ ಬಳಿಕವೂ ಅವನು ಶರಣಾಗದಿದ್ದರೆ, ಸೆರೆ ಸಿಗದಿದ್ದರೆ, ಅವನನ್ನು ಪಲಾಯನಗೈದವನೆಂದು ಪರಿಗಣಿಸಲಾಗುತ್ತದೆ. ಇದೆಲ್ಲ ನಡೆಯುವುದು ಅವನ ಗೈರಿನಲ್ಲಿ. ಕಾರ್ಕಳದ ಮನೆಯ ಹಾಸಿಗೆಯಲ್ಲಿ ಮುಖ ಗೋಡೆಗೆ ತಿರುಗಿಸಿ ಮಲಗಿದ ಹುಡುಗನಿಗೆ ಮರಳುವ ಮನಸ್ಸಿತ್ತೋ ಇಲ್ಲವೋ ಎಂದು ಬಲ್ಲ ಏಕೈಕ ವ್ಯಕ್ತಿ ಅವನಿಗೆ ಗಂಜಿ ಕೊಟ್ಟ ತಾಯಿ. ಅವಳನ್ನು ಯಾವ ಮಂಡಳಿಯೂ ಕರೆದು ಕೇಳುವುದಿಲ್ಲ.

ಗಂಜಿಯ ಮಾತು ಬಂತು. ಆ ಗಂಜಿಯೂ ಅಪರಾಧವಾಗಬಹುದು ಎಂಬುದು ನಮ್ಮ ಓದುಗರಲ್ಲಿ ಎಷ್ಟು ಮಂದಿಗೆ ಗೊತ್ತು? ಪಲಾಯನಗೈದ ಸೈನಿಕ ಎಂದು ತಿಳಿದೂ ಆಶ್ರಯ ಕೊಡುವವರಿಗೆ 2 ವರ್ಷಗಳವರೆಗೆ ಜೈಲುಶಿಕ್ಷೆ ವಿಧಿಸಬಹುದು. 1860ರ ಭಾರತೀಯ ದಂಡ ಸಂಹಿತೆಯ ಸೆಕ್ಷನ್ 136 ಹೀಗೆ ಹೇಳುತ್ತಿತ್ತು. ಬ್ರಿಟಿಷರ ಆ ಕಾನೂನಿಗೂ ಸ್ವಲ್ಪ ಕರುಳಿತ್ತು. ಗಂಡನಿಗೆ ಹೆಂಡತಿ ಆಶ್ರಯ ಕೊಟ್ಟರೆ ಅಪರಾಧವಲ್ಲ ಎಂದು ಅದು ವಿನಾಯಿತಿ ನೀಡಿತ್ತು. ವಸಾಹತುಶಾಹಿಯ ಕುರುಹುಗಳನ್ನೆಲ್ಲ ಅಳಿಸಿ ಹಾಕುತ್ತೇವೆಂದು ಘೋಷಿಸಿ 2023ರಲ್ಲಿ ಹೊಸ ಭಾರತೀಯ ನ್ಯಾಯ ಸಂಹಿತೆ ತಂದರು, 2024ರ ಜುಲೈ 1ರಿಂದ ಅದು ಜಾರಿಗೆ ಬಂತು. ಅದರ ಸೆಕ್ಷನ್ 164ರಲ್ಲಿ ಇದೇ ಅಪರಾಧ, ಇದೇ ಶಿಕ್ಷೆ ಉಳಿದಿದೆ. ಹೆಂಡತಿ ಎಂಬಲ್ಲಿ ಸಂಗಾತಿ ಎಂದಾಗಿದೆ, ಅಷ್ಟೆ. ತಾಯಿ ಇಲ್ಲ. ತಂದೆ ಇಲ್ಲ. 160 ವರ್ಷಗಳ ಬಳಿಕ ಕಾನೂನನ್ನು ಹೊಸದಾಗಿ ಬರೆಯಲು ಕುಳಿತವರಿಗೆ, ಮಾತೃಭೂಮಿ, ಭಾರತಮಾತೆ ಎಂದು ದಿನಕ್ಕೆ ಹತ್ತು ಸಲ ಉಚ್ಚರಿಸುವವರಿಗೆ, ಹೆತ್ತ ತಾಯಿಯನ್ನು ಆ ವಿನಾಯಿತಿಯೊಳಗೆ ಸೇರಿಸಬೇಕೆಂದು ತೋಚಲಿಲ್ಲ. ಮದುವೆಯಾಗದ ಇಪ್ಪತ್ತೆರಡರ ಹುಡುಗ ಹೆದರಿದಾಗ ಓಡಿ ಬರುವುದು ಯಾರ ಬಳಿಗೆ? ಕಾನೂನಿನ ಪ್ರಕಾರ ಅವಳು ಬಾಗಿಲು ಹಾಕಿಕೊಳ್ಳಬೇಕು. ಬಾಗಿಲು ತೆರೆದು, ಅವನು ಓಡಿ ಬಂದವನೆಂದು ತಿಳಿದೂ ಒಳಗಿರಿಸಿಕೊಂಡರೆ ಅವಳೇ ಆರೋಪಿ. ಅರ್ಜಿ ಹಿಡಿದು ಹೋಗಲು ತಾಯಂದಿರು ಹೆದರುವುದಕ್ಕೆ ಇದೂ ಒಂದು ಕಾರಣ.

ಇನ್ನು ರಜೆಯ ವಿಚಾರ. ಪಲಾಯನದ ಪ್ರಕರಣಗಳ ಬುಡದಲ್ಲಿ ಅನೇಕ ಸಲ ಕಾಣುವುದು ಹೇಡಿತನವಲ್ಲ, ರಜೆ. ಸಾಮಾನ್ಯ ಸೈನಿಕನಿಗೆ ವರ್ಷಕ್ಕೆ 60 ದಿನಗಳ ವಾರ್ಷಿಕ ರಜೆ, 30 ದಿನಗಳ ಸಾಂದರ್ಭಿಕ ರಜೆ ಎಂಬ ವ್ಯವಸ್ಥೆ ಇದೆ. ಕೇಳಲು ಧಾರಾಳವೇ. ಆದರೆ ಅದು ಹಕ್ಕಲ್ಲ, ಸೇವೆಯ ಅಗತ್ಯಕ್ಕೆ ಒಳಪಟ್ಟದ್ದು. ಯಾವಾಗ ಕೊಡಬೇಕು, ಎಷ್ಟು ಕೊಡಬೇಕು ಎಂಬುದು ಮೇಲಿನವರ ಕೈಯಲ್ಲಿ. ಕಾಶ್ಮೀರದ ತುದಿಯಿಂದ ಉಡುಪಿಗೆ ಬಂದಿಳಿಯಲು ರೈಲಿನಲ್ಲೇ ಮೂರು ದಿನ ಬೇಕು. ತಂದೆ ಆಸ್ಪತ್ರೆಯ ತೀವ್ರ ನಿಗಾ ಘಟಕದಲ್ಲಿರುವಾಗ ಹತ್ತು ದಿನದ ರಜೆ ಸಿಕ್ಕಿದರೆ ಅದರಲ್ಲಿ ಉಳಿಯುವುದೆಷ್ಟು? ಇನ್ನು 2022ರಲ್ಲಿ ಬಂದ ಅಗ್ನಿಪಥ ಯೋಜನೆಯಲ್ಲಿ ನಾಲ್ಕು ವರ್ಷಗಳಿಗೆ ಸೇರುವ ಹುಡುಗರಿಗೆ ವರ್ಷಕ್ಕೆ 30 ದಿನಗಳ ರಜೆ ಮಾತ್ರ. ಪಿಂಚಣಿಯಂತೂ ಇಲ್ಲ. ಅತ್ಯಂತ ಎಳೆಯ ವಯಸ್ಸಿನವರಿಗೆ, ಮನೆಯ ನೆನಪು ಅತಿ ಹೆಚ್ಚು ಕಾಡುವವರಿಗೆ, ಅತಿ ಕಡಿಮೆ ರಜೆ.

ರಜೆ ನಿರಾಕರಿಸಿದರೆ ಸೈನಿಕ ಎಲ್ಲಿಗೆ ಹೋಗಬೇಕು? ಸೈನಿಕರ ಸೇವಾ ವ್ಯಾಜ್ಯಗಳಿಗೆಂದೇ 2007ರ ಕಾಯ್ದೆಯ ಮೂಲಕ ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಸ್ಥಾಪನೆಯಾಯಿತು, 2009ರಲ್ಲಿ ಕೆಲಸ ಆರಂಭಿಸಿತು. ಕರ್ನಾಟಕದವರಿಗೆ ಅದರ ಕೊಚ್ಚಿ ಪೀಠ. ಆದರೆ ಆ ಕಾಯ್ದೆಯ ಸೆಕ್ಷನ್ 3ರಲ್ಲಿ ಸೇವಾ ವಿಷಯ ಎಂದರೆ ಏನು ಎಂದು ವಿವರಿಸುವಾಗ ಕೆಲವನ್ನು ಹೊರಗಿಡಲಾಗಿದೆ. ವರ್ಗಾವಣೆ ಹೊರಗೆ. ಎಲ್ಲ ಬಗೆಯ ರಜೆಯೂ ಹೊರಗೆ. ವಜಾ ಅಥವಾ ಮೂರು ತಿಂಗಳಿಗಿಂತ ಹೆಚ್ಚಿನ ಜೈಲುಶಿಕ್ಷೆ ಇಲ್ಲದ ಸಮ್ಮರಿ ಕೋರ್ಟ್ ಮಾರ್ಷಲ್ ಕೂಡ ಹೊರಗೆ. ಅಂದರೆ ನೋಡಿ, ರಜೆ ಕೊಡದಿದ್ದುದನ್ನು ನ್ಯಾಯಮಂಡಳಿಯಲ್ಲಿ ಪ್ರಶ್ನಿಸುವಂತಿಲ್ಲ. ರಜೆ ಸಿಗದೆ ಹೋಗಿ, ಸಿಕ್ಕಿಬಿದ್ದು, ವಜಾಗೊಂಡ ಮೇಲೆ ಬಂದರೆ ನ್ಯಾಯಮಂಡಳಿ ಕೇಳಬಹುದು. ಮನೆಗೆ ಬೆಂಕಿ ಬೀಳುವವರೆಗೆ ನೀರು ಕೊಡುವುದಿಲ್ಲ, ಸುಟ್ಟ ಬಳಿಕ ಬೂದಿಯ ಲೆಕ್ಕ ತೆಗೆದುಕೊಳ್ಳುತ್ತೇವೆ ಎಂದ ಹಾಗಾಯಿತು.

ಸಮ್ಮರಿ ಕೋರ್ಟ್ ಮಾರ್ಷಲ್ ಎಂದರೇನು ಎಂಬುದನ್ನೂ ಹೇಳಬೇಕು. ಚಲನಚಿತ್ರಗಳಲ್ಲಿ ನಾವು ನೋಡುವ, ಸಾಲಾಗಿ ಕುಳಿತ ಅಧಿಕಾರಿಗಳ, ಮೇಜು ಕುಟ್ಟುವ ವಕೀಲರ ಕೋರ್ಟ್ ಮಾರ್ಷಲ್ ಇದಲ್ಲ. ಇಲ್ಲಿ ಕಮಾಂಡಿಂಗ್ ಆಫೀಸರ್ ಒಬ್ಬರೇ ನ್ಯಾಯಾಲಯ. ಇನ್ನಿಬ್ಬರು ಹಾಜರಿರುತ್ತಾರೆ, ಆದರೆ ಅವರಿಗೆ ತೀರ್ಪಿನಲ್ಲಿ ಪಾಲಿಲ್ಲ. ಆರೋಪಿಗೆ ಸಹಾಯಕನೊಬ್ಬನನ್ನು ಇಟ್ಟುಕೊಳ್ಳಲು ಅವಕಾಶವಿದೆ, ಅವನು ಸಲಹೆ ಕೊಡಬಹುದು, ನ್ಯಾಯಾಲಯವನ್ನು ಉದ್ದೇಶಿಸಿ ವಾದಿಸುವಂತಿಲ್ಲ. ಲೆಫ್ಟಿನೆಂಟ್ ಕರ್ನಲ್ ಅಥವಾ ಮೇಲಿನ ದರ್ಜೆಯ ಅಧಿಕಾರಿ ಹೀಗೆ ಒಂದು ವರ್ಷದವರೆಗೆ ಜೈಲುಶಿಕ್ಷೆ ಕೊಡಬಹುದು, ವಜಾ ಮಾಡಬಹುದು. ಶಿಕ್ಷೆಗೆ ಮೇಲಿನವರ ದೃಢೀಕರಣವೂ ಸಾಮಾನ್ಯವಾಗಿ ಬೇಕಿಲ್ಲ. ರಜೆ ನಿರಾಕರಿಸಿದ ತುಕಡಿಯ ಮುಖ್ಯಸ್ಥರೇ, ರಜೆಯಿಲ್ಲದೆ ಹೋದುದಕ್ಕೆ ತೀರ್ಪು ಕೊಡುವ ಪರಿಸ್ಥಿತಿ ಉಂಟಾಗುವುದು ಹೀಗೆ.

ಇದು ನಮ್ಮ ಕಲ್ಪನೆಯಲ್ಲ. ರಂಜಿತ್ ಠಾಕೂರ್ ಎಂಬ ಸಿಗ್ನಲ್‌ಮನ್‌ನ ಪ್ರಕರಣವನ್ನು ಕಾನೂನು ಕಾಲೇಜುಗಳಲ್ಲಿ ಇಂದಿಗೂ ಕಲಿಸುತ್ತಾರೆ. ತನ್ನ ಮೇಲಾಗುತ್ತಿದ್ದ ದುರ್ವರ್ತನೆಯ ಬಗ್ಗೆ ಅವನು ಕಮಾಂಡಿಂಗ್ ಆಫೀಸರನ್ನು ದಾಟಿ ಮೇಲಿನವರಿಗೆ ದೂರು ಬರೆದ. ಅದಕ್ಕಾಗಿ 28 ದಿನಗಳ ಸೆರೆ. ಸೆರೆಯಲ್ಲಿದ್ದಾಗ ಊಟ ಮಾಡು ಎಂಬ ಆದೇಶವನ್ನು ಪಾಲಿಸಲಿಲ್ಲವೆಂದು 1985ರಲ್ಲಿ ಸಮ್ಮರಿ ಕೋರ್ಟ್ ಮಾರ್ಷಲ್ ನಡೆಯಿತು, ಒಂದು ವರ್ಷ ಕಠಿಣ ಸಜೆಯ ಜೊತೆಗೆ ವಜಾ. ಯಾರ ವಿರುದ್ಧ ದೂರಿತ್ತೋ ಆ ಅಧಿಕಾರಿಯೇ ಆ ನ್ಯಾಯಾಲಯದಲ್ಲಿ ಕುಳಿತಿದ್ದರು. 1987ರಲ್ಲಿ ಸುಪ್ರೀಮ್ ಕೋರ್ಟ್ ಆ ಶಿಕ್ಷೆಯನ್ನು ರದ್ದುಪಡಿಸಿತು. ನ್ಯಾಯಾಧೀಶನ ಪಕ್ಷಪಾತದ ಸಾಧ್ಯತೆಯನ್ನು ಎತ್ತಿ ಹೇಳಿತು, ತಪ್ಪಿಗೂ ಶಿಕ್ಷೆಗೂ ಅನುಪಾತ ಬೇಕು ಎಂದಿತು, ಅವನನ್ನು ಸೇವೆಗೆ ಮರಳಿ ತೆಗೆದುಕೊಳ್ಳಲು ಹೇಳಿತು. ಅದಕ್ಕೂ ಮೊದಲು, 1982ರ ಪೃಥ್ವಿಪಾಲ್ ಸಿಂಗ್ ಬೇಡಿ ಪ್ರಕರಣದಲ್ಲಿ, ಸೇನೆಗೆ ಸೇರಿದ ಮಾತ್ರಕ್ಕೆ ಮನುಷ್ಯ ಪ್ರಜೆಯಾಗುಳಿಯದೆ ಹೋಗುವುದಿಲ್ಲ ಎಂದು ಅದೇ ಕೋರ್ಟ್ ಹೇಳಿತ್ತು. ಕೋರ್ಟ್ ಮಾರ್ಷಲ್‌ನ ತೀರ್ಪಿನ ಮೇಲೆ ಒಂದೇ ಒಂದು ಮೇಲ್ಮನವಿಗೂ ಅವಕಾಶವಿಲ್ಲದಿರುವುದು ದೊಡ್ಡ ಕೊರತೆ ಎಂದು ಬೊಟ್ಟು ಮಾಡಿತ್ತು. ಆ ಕೊರತೆಯನ್ನು ನೀಗಲು ಸಂಸತ್ತಿಗೆ 25 ವರ್ಷ ಬೇಕಾಯಿತು. ಈ ಅವಧಿಯಲ್ಲಿ ಜೈಲಿಗೆ ಹೋಗಿ ಬಂದ ಸೈನಿಕರಿಗೆ, ಅವರ ತಾಯಂದಿರಿಗೆ ಯಾರು ಉತ್ತರ ಕೊಟ್ಟರು?

ಪಲಾಯನದ ಹಣೆಪಟ್ಟಿ ಎಷ್ಟು ಸುಲಭವಾಗಿ ಅಂಟಬಹುದು ಎಂಬುದಕ್ಕೆ ಮೀರತ್ ಜಿಲ್ಲೆಯ ಮುಹಮ್ಮದ್ ಆರಿಫ್‌ಗಿಂತ ದೊಡ್ಡ ಉದಾಹರಣೆ ಬೇಕಿಲ್ಲ. 1999ರಲ್ಲಿ ಕಾರ್ಗಿಲ್ ವಲಯದಲ್ಲಿ ಆರಿಫ್ ಮತ್ತು ಜಗ್ಸೀರ್ ಸಿಂಗ್ ಎಂಬ ಇಬ್ಬರು ಸೈನಿಕರು ಕಾಣೆಯಾದರು. ಸೇನೆ ಅವರನ್ನು ಪಲಾಯನಗೈದವರೆಂದು ಘೋಷಿಸಿತು. ವಾಸ್ತವದಲ್ಲಿ ಅವರು ಪಾಕಿಸ್ತಾನದ ಸೆರೆಯಲ್ಲಿದ್ದರು. 2004ರ ಆಗಸ್ಟ್‌ನಲ್ಲಿ ಬಿಡುಗಡೆಯಾಗಿ ಮರಳಿದರು. ಅಷ್ಟರಲ್ಲಿ ಆರಿಫ್‌ನ ಪತ್ನಿ ಗುಡಿಯಾಳಿಗೆ ಮನೆಯವರು ಮರುಮದುವೆ ಮಾಡಿಸಿದ್ದರು, ಅವಳು ತುಂಬು ಗರ್ಭಿಣಿಯಾಗಿದ್ದಳು. ಆಗ ನಮ್ಮ ವಾರ್ತಾವಾಹಿನಿಗಳಿಗೆ ಹಬ್ಬವೋ ಹಬ್ಬ. ಒಂದು ವಾಹಿನಿ ಸ್ಟುಡಿಯೋದಲ್ಲೇ ಪಂಚಾಯತಿ ಕೂರಿಸಿ, ಗುಡಿಯಾ ಯಾರ ಹೆಂಡತಿ ಎಂದು ದೇಶಕ್ಕೆಲ್ಲ ಚರ್ಚೆ ಉಣಬಡಿಸಿತು. ಮೌಲವಿಗಳನ್ನು ಕರೆಸಿ ಮುಸ್ಲಿಮ್ ಕಾನೂನಿನ ವಿಚಾರಣೆಯೂ ನಡೆಯಿತು. ಗುಡಿಯಾ 2006ರ ಜನವರಿಯಲ್ಲಿ ತೀರಿಕೊಂಡಳು. ಶರೀಅತ್ ಏನು ಹೇಳುತ್ತದೆ ಎಂದು ಕೇಳಿದವರು ಸಾವಿರ ಮಂದಿ. ಶತ್ರುವಿನ ಸೆರೆಯಲ್ಲಿದ್ದವನನ್ನು ಓಡಿಹೋದವನೆಂದು ಬರೆದದ್ದು ಹೇಗೆ, ಆ ಬರಹ ಅವನ ಮನೆಯ ಮೇಲೆ ಏನು ಮಾಡಿತು ಎಂಬ ಪ್ರಶ್ನೆ ಆ ಗದ್ದಲದಲ್ಲಿ ಮುಳುಗಿಹೋಯಿತು.

ಇಲ್ಲೊಂದು ಮಾತನ್ನು ಅಡಗಿಸದೆ ಹೇಳಬೇಕಾಗಿದೆ. ಓಡಿ ಬಂದವನ ಹೆಸರು ಮುಸ್ಲಿಮ್ ಹೆಸರಾಗಿದ್ದರೆ ಕರಾವಳಿಯಲ್ಲಿ ಅವನ ತಾಯಿಯ ಹೊರೆ ಇಮ್ಮಡಿಯಾಗುತ್ತದೆ. ಪಲಾಯನದ ಜೊತೆಗೆ ದೇಶದ್ರೋಹದ ಪಿಸುಮಾತು ಉಚಿತವಾಗಿ ಸಿಗುತ್ತದೆ. ಮುಸ್ಲಿಮ್ ಸೈನಿಕನ ಬಗ್ಗೆ ಬರೆಯುವಾಗ ಮೊದಲು ಪರಮವೀರ ಅಬ್ದುಲ್ ಹಮೀದರ ಹೆಸರನ್ನು ಪ್ರಮಾಣಪತ್ರದಂತೆ ಲಗತ್ತಿಸುವ ಒಂದು ರೂಢಿ ನಮ್ಮಲ್ಲಿದೆ. ಆ ವೀರನ ಮೇಲಿನ ಗೌರವದಿಂದಲೇ ನಾವು ಅದನ್ನು ಇಲ್ಲಿ ಲಗತ್ತಿಸುವುದಿಲ್ಲ. ತಪ್ಪು ಮಾಡಿದ ಸೈನಿಕನಿಗೂ ನ್ಯಾಯ ಬೇಕು ಎನ್ನಲು ಅವನ ಸಮುದಾಯದ ಹುತಾತ್ಮರ ಪಟ್ಟಿ ಬೇಕಾಗಿಲ್ಲ. ಅದೇ ಉಸಿರಿನಲ್ಲಿ ಸಮುದಾಯದ ಮುಖಂಡರನ್ನೂ ಕೇಳಬೇಕು. ಇಫ್ತಾರ್ ಕೂಟಕ್ಕೆ ಸಚಿವರನ್ನು ಕರೆಸಲು ಬರುವ ನಿಮಗೆ, ಜಮಾಅತ್ತಿನ ಒಬ್ಬ ಉಮ್ಮನ ಅರ್ಜಿಯನ್ನು ಇಂಗ್ಲಿಷಿನಲ್ಲಿ ಟೈಪ್ ಮಾಡಿಸಿ ಕಳುಹಿಸಲು ಏಕೆ ಬರುವುದಿಲ್ಲ? ಇದು ಮಿಲಿಟ್ರಿಯ ವಿಷಯ, ನಮಗೇಕೆ ಇಲ್ಲದ ಉಸಾಬರಿ ಎಂಬ ಭಯ ಅರ್ಥವಾಗುವಂಥದ್ದೇ. ಆದರೆ ಆ ಭಯವನ್ನು ವಿವೇಕ ಎಂದು ಕರೆಯಬೇಡಿ.

ನಮ್ಮ ವಿರುದ್ಧ ಬರುವ ಗಟ್ಟಿಯಾದ ವಾದ ಯಾವುದೆಂದು ನಮಗೆ ಗೊತ್ತಿದೆ. ಸೇನೆ ಶಿಸ್ತಿನ ಮೇಲೆ ನಿಂತಿದೆ. ಒಬ್ಬ ಕಾವಲು ಬಿಟ್ಟು ಹೋದರೆ ಪಕ್ಕದಲ್ಲಿ ಮಲಗಿರುವ ಹತ್ತು ಮಂದಿಯ ಜೀವಕ್ಕೆ ಅಪಾಯ. ಆ ಹತ್ತು ಮಂದಿಗೂ ತಾಯಂದಿರಿದ್ದಾರೆ, ಅವರಿಗೂ ಮನೆಯ ನೆನಪಾಗುತ್ತದೆ, ಆದರೂ ಅವರು ನಿಂತಿದ್ದಾರೆ. ಈ ಮಾತು ನಿಜ. ಇದನ್ನು ತಳ್ಳಿಹಾಕುವವರು ಸೈನಿಕರ ಬಗ್ಗೆ ಬರೆಯಬಾರದು. ಪಲಾಯನಕ್ಕೆ ಶಿಕ್ಷೆಯೇ ಬೇಡ ಎಂದು ನಾವು ಹೇಳುತ್ತಿಲ್ಲ. ನಾವು ಕೇಳುವುದು, ಗಡಿಯ ಕಾವಲಿನಿಂದ ಬಂದೂಕು ಸಮೇತ ಮಾಯವಾದವನಿಗೂ, ರಜೆಯಲ್ಲಿ ಬಂದು ಕಾಪುವಿನ ಮನೆಯಲ್ಲಿ ಮಂಕಾಗಿ ಕುಳಿತವನಿಗೂ ನಡುವೆ ಇರುವ ವ್ಯತ್ಯಾಸವನ್ನು ಕಾಣುವ ಕಣ್ಣು. ಕಾನೂನಿಗೇ ಆ ಕಣ್ಣಿದೆ ಎಂದು ಮೇಲೆ ಹೇಳಿದೆವು. ಇನ್ನೊಂದು ಸಂಗತಿ ಕೇಳಿ. ಸಕ್ರಿಯ ಸೇವೆಯಲ್ಲಿಲ್ಲದಾಗ ಪಲಾಯನ ಮಾಡಿದ ಸಾಮಾನ್ಯ ಸೈನಿಕ ಮರಳಿ ಬಂದು 3 ವರ್ಷಕ್ಕಿಂತ ಕಡಿಮೆಯಿಲ್ಲದಂತೆ ನಿರಂತರವಾಗಿ ಆದರ್ಶ ಸೇವೆ ಸಲ್ಲಿಸಿದ್ದರೆ ಆ ಹಳೆಯ ಅಪರಾಧಕ್ಕಾಗಿ ಅವನನ್ನು ವಿಚಾರಣೆಗೆ ಒಳಪಡಿಸುವಂತಿಲ್ಲ ಎಂದು ಸೆಕ್ಷನ್ 122 ಹೇಳುತ್ತದೆ. ಮನುಷ್ಯ ಒಮ್ಮೆ ಮುರಿದು ಮತ್ತೆ ಕೂಡಿಕೊಳ್ಳಬಲ್ಲ ಎಂದು ಸೇನೆಯ ಕಾನೂನೇ ಒಪ್ಪಿರುವಾಗ ಊರಿನ ಕಟ್ಟೆ ಪಂಚಾಯತಿಗೆ ಒಪ್ಪಲು ಏನು ಕಷ್ಟ?

ಅಂದಹಾಗೆ, ಉಡುಪಿ, ಕಾಪು, ಕಾರ್ಕಳಗಳ ಉದ್ದಗಲಕ್ಕೂ ಇರುವ ಗರಡಿಗಳಲ್ಲಿ ಪೂಜೆಗೊಳ್ಳುವ ಕೋಟಿ ಚೆನ್ನಯರು, ಸಾಕಿದ ಬಲ್ಲಾಳನ ನೆಲವನ್ನು ತೊರೆದು ನಡೆದವರು. ಯಾಕೆ ತೊರೆದರು ಎಂಬುದನ್ನು ಈ ನೆಲದ ಜನ ಶತಮಾನಗಳಿಂದ ಹಾಡಿ ನೆನಪಿಟ್ಟಿದ್ದಾರೆ. ಆ ವೀರರನ್ನು ಇಂದಿನ ಸಿಪಾಯಿಗೆ ಹೋಲಿಸುವುದು ನಮ್ಮ ಉದ್ದೇಶವಲ್ಲ. ಯಾಕೆ ಬಿಟ್ಟು ಬಂದೆ ಎಂದು ಕೇಳುವ ಸೌಜನ್ಯ ಈ ಮಣ್ಣಿಗೆ ಹೊಸದಲ್ಲ ಎಂಬುದಷ್ಟೇ ನಮ್ಮ ಮಾತು.

ಯುದ್ಧಗಳನ್ನು ನಮಗಿಂತ ಹೆಚ್ಚು ನಡೆಸಿದ ದೇಶಗಳೂ ಈ ಪ್ರಶ್ನೆಯನ್ನು ತಡವಾಗಿಯಾದರೂ ಕೇಳಿಕೊಂಡಿವೆ. ಒಂದನೆಯ ಮಹಾಯುದ್ಧದಲ್ಲಿ ಹ್ಯಾರಿ ಫಾರ್ ಎಂಬ ಬ್ರಿಟಿಷ್ ಸೈನಿಕ ಶೆಲ್ಲುಗಳ ಸ್ಫೋಟದಿಂದ ಮನಸ್ಸು ಕಲಕಿ ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿದ್ದವನು. ಮತ್ತೆ ಮುಂಚೂಣಿಗೆ ಹೋಗಲಾರೆನೆಂದಾಗ ಹೇಡಿತನದ ಆರೋಪ ಹೊರಿಸಿ, ಚುಟುಕು ವಿಚಾರಣೆ ನಡೆಸಿ, 1916ರ ಅಕ್ಟೋಬರ್‌ನಲ್ಲಿ ಗುಂಡಿಕ್ಕಿ ಕೊಂದರು. ಅವನ ಮಗಳು ಮುದುಕಿಯಾಗುವವರೆಗೂ ಬಿಡದೆ ಹೋರಾಡಿದಳು. 90 ವರ್ಷಗಳ ಬಳಿಕ, 2006ರಲ್ಲಿ, ಬ್ರಿಟಿಷ್ ಸಂಸತ್ತು ಪಲಾಯನ, ಹೇಡಿತನ ಮೊದಲಾದ ಆರೋಪಗಳ ಮೇಲೆ ಆ ಯುದ್ಧದಲ್ಲಿ ಕೊಲ್ಲಲ್ಪಟ್ಟ 306 ಸೈನಿಕರಿಗೆ ಕ್ಷಮೆ ನೀಡುವ ಕಾನೂನು ಮಾಡಿತು. ಆ ಕಾನೂನಿನಲ್ಲಿ 1911ರ ಇಂಡಿಯನ್ ಆರ್ಮಿ ಆಕ್ಟ್‌ನ ಹೆಸರೂ ಇದೆ. ನಮ್ಮ 1950ರ ಕಾಯ್ದೆಗೆ ದಾರಿಮಾಡಿದ ಹಳೆಯ ಕಾಯ್ದೆ ಅದೇ. ನಮಗೆ ಕಾನೂನು ಬರೆದುಕೊಟ್ಟವರು ತಮ್ಮ ಮನೆಯಲ್ಲಿ ಪಶ್ಚಾತ್ತಾಪ ಪಟ್ಟರು. ನಾವು ಆ ಕಾನೂನನ್ನು ಜೋಪಾನವಾಗಿ ಇಟ್ಟುಕೊಂಡೆವು.

ಉಡುಪಿ ಜಿಲ್ಲೆಯ ಮಟ್ಟಿಗೆ ಆಗಬೇಕಾದ ಕೆಲಸಕ್ಕೆ ದಿಲ್ಲಿಯ ಅಪ್ಪಣೆ ಬೇಕಾಗಿಲ್ಲ. ಸೇನಾ ಕಾಯ್ದೆಯ ಸೆಕ್ಷನ್ 105ರ ಪ್ರಕಾರ ಪಲಾಯನಗೈದವನೆಂದು ಶಂಕಿಸಿ ಪೊಲೀಸರು ವಾರಂಟ್ ಇಲ್ಲದೆ ಬಂಧಿಸಿದರೆ ವಿಳಂಬವಿಲ್ಲದೆ ಹತ್ತಿರದ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಬಂಧನದಿಂದ ಕೋರ್ಟ್ ಮಾರ್ಷಲ್‌ವರೆಗಿನ ದಾರಿಯಲ್ಲಿ ಆ ಹುಡುಗ ನಮ್ಮ ನಿಮ್ಮಂಥವರ ನ್ಯಾಯಾಲಯವನ್ನು ಕಾಣುವುದು ಅದೊಂದೇ ಸಲ. ಕಾರ್ಕಳದಲ್ಲೋ ಉಡುಪಿಯಲ್ಲೋ ಆ ಒಂದು ಗಂಟೆಯಲ್ಲಿ ಅವನ ಪಕ್ಕದಲ್ಲಿ ಒಬ್ಬ ವಕೀಲರಿರಬೇಕು. ವೈದ್ಯಕೀಯ ದಾಖಲೆಗಳಿದ್ದರೆ ಅವನ್ನು ಅಲ್ಲಿಯೇ ಕಡತಕ್ಕೆ ಸೇರಿಸಬೇಕು. ಮಣಿಪಾಲದಂಥ ಆಸ್ಪತ್ರೆಗಳಿರುವ ಜಿಲ್ಲೆಯಲ್ಲಿ ಹುಡುಗನ ಮನಸ್ಸಿನ ಸ್ಥಿತಿಯ ಬಗ್ಗೆ ತಜ್ಞರ ಒಂದು ವರದಿ ಇಲ್ಲದೆ ಅವನನ್ನು ಬೆಂಗಾವಲಿಗೆ ಒಪ್ಪಿಸಿಬಿಡುವುದು ನಾಚಿಕೆಗೇಡು.

ಹಣವಿಲ್ಲ ಎಂಬುದು ನೆಪವಾಗಬಾರದು. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ ಸೆಕ್ಷನ್ 12ರ ಪ್ರಕಾರ ಮಹಿಳೆಗೆ, ಬಂಧನದಲ್ಲಿರುವವನಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಸಿಗಬೇಕು. ಅಂದರೆ ಈ ತಾಯಿಯೂ ಅರ್ಹಳು, ಈ ಮಗನೂ ಅರ್ಹ. 2025ರ ಜುಲೈಯಲ್ಲಿ ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರವು ಸೈನಿಕರ ಕುಟುಂಬಗಳಿಗಾಗಿ ವೀರ ಪರಿವಾರ ಸಹಾಯತಾ ಎಂಬ ಯೋಜನೆಯನ್ನೂ ಆರಂಭಿಸಿದೆ, ಸೈನಿಕ ಕಲ್ಯಾಣ ಮಂಡಳಿಗಳಲ್ಲಿ ಕಾನೂನು ನೆರವಿನ ಕೇಂದ್ರಗಳನ್ನು ತೆರೆಯುವುದು ಅದರ ಉದ್ದೇಶ. ಒಳ್ಳೆಯದು. ಆದರೆ ಆ ಕೇಂದ್ರದ ಬಾಗಿಲಲ್ಲಿ ನಿಂತವರು ನಿಮ್ಮ ಮಗ ವೀರನೋ ಅಲ್ಲವೋ ಎಂದು ಮೊದಲು ತೂಗಿ ನೋಡಿದರೆ ಈ ತಾಯಿ ಹೊರಗೇ ಉಳಿಯುತ್ತಾಳೆ. ಯಾಕೆಂದರೆ ಶಿಕ್ಷೆಯ ಜೊತೆ ವಜಾ ಆದವನಿಗೆ ಮಾಜಿ ಸೈನಿಕ ಎಂಬ ಹೆಸರೂ ಸಿಗುವುದಿಲ್ಲ. ವಿಶೇಷ ಮಂಜೂರಾತಿ ಸಿಗದ ಹೊರತು ಹತ್ತು ಹನ್ನೆರಡು ವರ್ಷ ದುಡಿದಿದ್ದರೂ ಹಿಂದಿನ ಸೇವೆಗೆ ಪಿಂಚಣಿಯಿಲ್ಲ. ಕ್ಯಾಂಟೀನಿನ ಕಾರ್ಡಿನಿಂದ ಹಿಡಿದು ಆಸ್ಪತ್ರೆಯ ಸೌಲಭ್ಯದವರೆಗೆ ಎಲ್ಲವೂ ಒಂದೇ ಸಹಿಯಲ್ಲಿ ಹೋಗುತ್ತದೆ. ಜೈಲಿನ ಅವಧಿ ತಿಂಗಳುಗಳಲ್ಲಿ ಮುಗಿಯಬಹುದು, ಈ ಶಿಕ್ಷೆ ಮನೆಯವರೆಲ್ಲರಿಗೆ ಜೀವನಪೂರ್ತಿ.

ಶಿಕ್ಷೆಯಾದ ಬಳಿಕವೂ ದಾರಿಗಳು ಮುಚ್ಚಿಲ್ಲ. ಸಮ್ಮರಿ ಕೋರ್ಟ್ ಮಾರ್ಷಲ್‌ನ ಕಡತ ಮೇಲಿನ ಕಮಾಂಡರರ ಬಳಿಗೆ ಹೋಗುತ್ತದೆ, ಅವರು ಅದನ್ನು ರದ್ದುಪಡಿಸಬಹುದು ಅಥವಾ ಶಿಕ್ಷೆ ಇಳಿಸಬಹುದು. ಸೆಕ್ಷನ್ 164ರ ಕೆಳಗೆ ಸೇನಾ ಮುಖ್ಯಸ್ಥರಿಗೆ, ಕೇಂದ್ರ ಸರಕಾರಕ್ಕೆ ಮನವಿ ಸಲ್ಲಿಸಬಹುದು. ಸೆಕ್ಷನ್ 179ರ ಕೆಳಗೆ ಕ್ಷಮೆ ಅಥವಾ ಶಿಕ್ಷೆಯ ಕಡಿತ ಸಾಧ್ಯ. ಕೊಚ್ಚಿಯ ಪೀಠಕ್ಕೆ ಮೇಲ್ಮನವಿಯನ್ನು ಕೇಳುವ ಜೊತೆಗೆ ಜಾಮೀನು ಕೊಡುವ ಅಧಿಕಾರವೂ ಇದೆ. ಅದರ ಆದೇಶವನ್ನು ಹೈಕೋರ್ಟಿನಲ್ಲಿ ಪ್ರಶ್ನಿಸಬಹುದು ಎಂದು 2023ರ ಮಾರ್ಚ್‌ನಲ್ಲಿ ಸುಪ್ರೀಮ್ ಕೋರ್ಟ್ ಸ್ಪಷ್ಟಪಡಿಸಿದೆ. ವಿಚಾರಣೆಯ ಕಡತದ ಪ್ರತಿ ಕೇಳಿ ಪಡೆಯುವುದು ಶಿಕ್ಷೆಗೊಳಗಾದವನ ಹಕ್ಕು. ತಪ್ಪೊಪ್ಪಿಗೆ ಎಂದು ಬರೆದುಕೊಂಡ ಪುಟದಲ್ಲಿ ಆರೋಪಿಯ ಸಹಿಯೇ ಇಲ್ಲದ ಕಾರಣಕ್ಕೆ ಹೈಕೋರ್ಟುಗಳು ಶಿಕ್ಷೆ ರದ್ದುಪಡಿಸಿದ ಉದಾಹರಣೆಗಳಿವೆ. ಆದುದರಿಂದ ಆ ಪ್ರತಿಯೇ ಮೊದಲ ಕೆಲಸ.

ಆದರೆ ಈ ಯಾವ ಮನವಿಯನ್ನೂ ತಾಯಿ ತನ್ನ ಹೆಸರಿನಲ್ಲಿ ಸುಲಭವಾಗಿ ಸಲ್ಲಿಸುವಂತಿಲ್ಲ. ನೊಂದವನು ಮಗ, ಸಹಿ ಅವನದ್ದೇ ಬೇಕು. ಅವನಿರುವುದು ಸಾವಿರ, ಎರಡು ಸಾವಿರ ಕಿಲೋಮೀಟರು ದೂರದ, ಕನ್ನಡ ಕೇಳದ ಊರಿನ ಜೈಲಿನಲ್ಲಾಗಿರಬಹುದು. ಅಲ್ಲಿಯವರೆಗೆ ವಕಾಲತ್ತು ಪತ್ರ ತೆಗೆದುಕೊಂಡು ಹೋಗುವವರು ಯಾರು, ಖರ್ಚು ಯಾರದ್ದು, ಅರ್ಜಿಯನ್ನು ಬರೆಯುವವರು ಯಾರು ಎಂಬುದನ್ನು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ, ಸೈನಿಕ ಕಲ್ಯಾಣ ಇಲಾಖೆ ಮತ್ತು ವಕೀಲರ ಸಂಘ ಒಮ್ಮೆ ಕುಳಿತು ತೀರ್ಮಾನಿಸಲಿ. ಸೇನಾ ಕಾನೂನು ಬಲ್ಲ ಇಬ್ಬರು ಮೂವರು ವಕೀಲರ ಹೆಸರನ್ನು, ದೂರವಾಣಿ ಸಂಖ್ಯೆಯನ್ನು ಕನ್ನಡದಲ್ಲಿ ಬರೆದು ರಜತಾದ್ರಿಯಲ್ಲಿ, ಕಾರ್ಕಳ ಮತ್ತು ಕಾಪುವಿನ ತಾಲೂಕು ಕಚೇರಿಗಳಲ್ಲಿ, ಪ್ರತಿಯೊಂದು ಠಾಣೆಯ ಗೋಡೆಯಲ್ಲಿ ಹಾಕಲಿ. ಮುಂದಿನ ಸಲ ಅರ್ಜಿ ಹಿಡಿದು ಬರುವ ತಾಯಿಗೆ, ಇದು ನಮ್ಮ ಕೈಯಲ್ಲಿಲ್ಲ ಅಮ್ಮಾ ಎನ್ನುವ ಬದಲು ಆ ಗೋಡೆಯನ್ನಾದರೂ ತೋರಿಸಬಹುದು.